ಒಂಬತ್ತರ ತಪ್ಪು

ಲೆಕ್ಕ ಬರೆಯುವವರಿಗೆ ಒಂದು ಹಳೇ ಉಪಾಯ ಗೊತ್ತಿರುತ್ತದೆ. ಎರಡು ಕಡೆಯ ಮೊತ್ತ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಬೇಕು. ಶೇಷ ಉಳಿಯದೆ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲು ಬದಲಾಗಿವೆ ಅಂತ ಅನುಮಾನ ಪಡಬೇಕು. 63 ಬರೆಯುವ ಕಡೆ 36 ಬರೆದರೆ ವ್ಯತ್ಯಾಸ 27. 81ರ ಬದಲು 18 ಬರೆದರೆ 63. ಅಕ್ಕಪಕ್ಕದ ಯಾವ ಎರಡು ಅಂಕಿ ತಿರುಗಿಸಿದರೂ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಬರುತ್ತದೆ. ನಾನು ಇದಕ್ಕೆ ಒಂಬತ್ತರ ತಪ್ಪು ಅನ್ನುತ್ತೇನೆ.

ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ಒಂದು ಅಡಿಕೆ ಮಂಡಿಯಲ್ಲಿ ಹದಿನಾರು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ನನ್ನ ಜೀವನದ ಅತಿ ಕೆಟ್ಟ ಒಂಬತ್ತರ ತಪ್ಪು ಹೋದ ವರ್ಷ ಜನವರಿ 10ರಂದು ಆಯಿತು.

ಹೊಸ ಅಡಿಕೆ ಬರುವ ಕಾಲ. ಬಾಗಿಲಲ್ಲಿ ಚೀಲಗಳು ಆಳೆತ್ತರ ಬಿದ್ದಿರುತ್ತವೆ. ಅದರ ಮೇಲೆ ತೆರಿಗೆಯ ಲೆಕ್ಕಪತ್ರ ಬೇರೆ, ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1 ಸಲ್ಲಿಸಬೇಕು, 20ಕ್ಕೆ ಜಿಎಸ್‌ಟಿಆರ್-3ಬಿ. ಹಿಂದಿನ ರಾತ್ರಿ ಫೈಲುಗಳನ್ನು ಮನೆಗೆ ತಂದು ಒಂದೂವರೆವರೆಗೆ ಕೂತಿದ್ದೆ. ಬೆಳಿಗ್ಗೆ ಐದೂವರೆಗೆ ಎದ್ದು ಮಗಳಿಗೆ ಡಬ್ಬಿ ಕಟ್ಟಿ ಮಂಡಿಗೆ ಹೋದೆ. ನಾಲ್ಕೇ ಗಂಟೆ ನಿದ್ದೆ. ಮಧ್ಯಾಹ್ನ ಒಬ್ಬ ರೈತರ ಬಿಲ್ ಮಾಡುವಾಗ ರಾಶಿ ಅನ್ನುವ ದರ್ಜೆಯ ಅಡಿಕೆಗೆ ಕ್ವಿಂಟಲಿಗೆ 48,700 ಅಂತ ಹೊಡೆಯಬೇಕಿತ್ತು. 47,800 ಅಂತ ಹೊಡೆದೆ. ಆರು ಕ್ವಿಂಟಲ್ ಮಾಲು. ಅವರಿಗೆ 5,400 ರೂಪಾಯಿ ಕಡಿಮೆ ಹೋಯಿತು.

ಮೂರನೇ ದಿನ ಅವರು ಹೊಸನಗರ ಕಡೆಯಿಂದ ಮೊದಲ ಬಸ್ಸಿಗೆ ಬಂದರು. ಬಿಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ಇಟ್ಟುಕೊಂಡಿದ್ದರು. ಕೂಗಾಡಲಿಲ್ಲ. "ಒಂದ್ಸಲ ನೋಡಿ ಅಮ್ಮಾ, ದರ ಬೇರೆ ಇತ್ತೇನೋ ಅಂತ ನೆನಪು" ಅಂದರು. ನೋಡಿದ ಕೂಡಲೇ ಗೊತ್ತಾಯಿತು. ಮಾಲೀಕರು ಆಗಲೇ ಹಣ ಕೊಡಿಸಿದರು. ಆದರೆ ಆ ದಿನ ಅವರ ತೋಟದಲ್ಲಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವವರು ಬರಬೇಕಿತ್ತಂತೆ. ಇಲ್ಲಿಗೆ ಬರಲು ಅದನ್ನು ಬಿಟ್ಟು ಬಂದಿದ್ದರು. ಕೊನೆ ಕೊಯ್ಯುವವರು ಒಮ್ಮೆ ತಪ್ಪಿದರೆ ಮತ್ತೆ ಸಿಗುವುದು ಎಷ್ಟು ಕಷ್ಟ ಅಂತ ತೋಟದ ಮನೆಯಲ್ಲಿ ಹುಟ್ಟಿದ ನನಗೆ ಯಾರೂ ಹೇಳಬೇಕಾಗಿಲ್ಲ. ಅವರು ಬಸ್ ಹತ್ತಿದ ಮೇಲೆ ನನಗೆ ಊಟ ಸೇರಲಿಲ್ಲ.

ಆದರೂ ಆಗ ನಾನು ನಿದ್ದೆಯ ಬಗ್ಗೆ ಯೋಚಿಸಲಿಲ್ಲ. ಇನ್ನೂ ಜಾಸ್ತಿ ಹೊತ್ತು ಕೂರಬೇಕು, ಎರಡೆರಡು ಸಲ ನೋಡಬೇಕು ಅಂತ ತೀರ್ಮಾನಿಸಿದೆ. ಅಂದರೆ ರಾತ್ರಿ ಇನ್ನೂ ಒಂದು ಗಂಟೆ ಹೋಯಿತು. ಸಂಜೆ ಏಳಕ್ಕೆ ಒಂದು ಲೋಟ ಕಾಫಿ ಸೇರಿಕೊಂಡಿತು.

ಕಣ್ಣು ತೆರೆದದ್ದು ಆಗಸ್ಟಿನಲ್ಲಿ. ಅದೂ ಸುಮ್ನೆ, ಮಳೆಯಿಂದ.

ನಮ್ಮೂರು ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ದಾಟಿ ಒಳಗೆ ಹೋಗಬೇಕು. ಅಮ್ಮನಿಗೆ ಹುಷಾರಿಲ್ಲ ಅಂತ ನಾಲ್ಕು ದಿನ ರಜೆ ಹಾಕಿ ಹೋಗಿದ್ದೆ. ಆಶ್ಲೇಷಾ ಮಳೆ ಹಿಡಿದದ್ದು ಬಿಡಲಿಲ್ಲ. ಮೊದಲ ದಿನವೇ ಎಲ್ಲೋ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಮೊಬೈಲ್ ಸತ್ತಿತು. ಎಂಟು ಗಂಟೆಗೆ ಊಟ. ಆಮೇಲೆ ಮಾಡುವುದಕ್ಕೆ ಏನಿದೆ? ಹಂಚಿನ ಮೇಲೆ ಮಳೆ, ಹೊರಗೆ ಕಪ್ಪೆ, ಒಳಗೆ ಒಂದು ಬುಡ್ಡಿ ದೀಪ. ಒಂಬತ್ತೂವರೆಗೆಲ್ಲ ಕಂಬಳಿ ಹೊದ್ದು ಮಲಗಿದರೆ ಬೆಳಿಗ್ಗೆ ಆರಕ್ಕೇ ಎಚ್ಚರ. ಮೊದಲ ಎರಡು ದಿನ ಹಗಲೂ ತೂಕಡಿಸಿದೆ. ಮೂರನೇ ದಿನ ತಲೆಯೊಳಗೆ ಯಾರೋ ಕಿಟಕಿ ತೆರೆದಂತಾಯಿತು.

ಸೋಮವಾರ ಮಂಡಿಗೆ ಬಂದೆ. ನಾಲ್ಕು ದಿನದ ಕೆಲಸ ಗುಡ್ಡೆ ಬಿದ್ದಿತ್ತು. ರಾತ್ರಿ ಹತ್ತಾಗುತ್ತದೆ ಅಂದುಕೊಂಡು ಮನೆಗೆ ಫೋನ್ ಮಾಡಿ ಹೇಳಿಯೂ ಆಗಿತ್ತು. ಸಂಜೆ ಐದಕ್ಕೆ ಮುಗಿಯಿತು. ಮೊತ್ತ ಮೊದಲ ಸಲಕ್ಕೇ ತಾಳೆಯಾಯಿತು. ನನಗೆ ನಂಬಿಕೆ ಬರದೆ ಮತ್ತೊಮ್ಮೆ ಕೂಡಿದೆ. ಸರಿಯಾಗಿಯೇ ಇತ್ತು.

ಆವತ್ತು ರಾತ್ರಿ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು ಎರಡು ಗೆರೆ ಎಳೆದೆ. ಒಂದು ಕಡೆ ಎಷ್ಟು ಗಂಟೆ ಮಲಗಿದೆ, ಇನ್ನೊಂದು ಕಡೆ ಆ ದಿನ ಎಷ್ಟು ತಪ್ಪು ತಿದ್ದಿದೆ. ಅಷ್ಟೇ. ನನಗೆ ಬರುವ ವಿದ್ಯೆ ಅದೊಂದೇ ತಾನೆ. ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳು ಬಿಡದೆ ಬರೆದೆ. ಆರು ಗಂಟೆಗಿಂತ ಕಡಿಮೆ ಮಲಗಿದ ದಿನಗಳು 19, ತಪ್ಪುಗಳು 38. ಏಳು ಗಂಟೆಗಿಂತ ಜಾಸ್ತಿ ಮಲಗಿದ ದಿನಗಳು 22, ತಪ್ಪುಗಳು 9. ಇದು ನನ್ನೊಬ್ಬಳ ಲೆಕ್ಕ, ಬೇರೆಯವರಿಗೆ ಬೇರೆ ಬರಬಹುದು. ಆದರೆ ನನ್ನ 38ರಲ್ಲಿ ಒಂಬತ್ತರ ತಪ್ಪೇ ಅರ್ಧಕ್ಕಿಂತ ಹೆಚ್ಚು. ಕಣ್ಣು ಸರಿಯಾಗಿ ನೋಡುತ್ತದೆ, ಬೆರಳಿಗೆ ತಲುಪುವಷ್ಟರಲ್ಲಿ ಅಂಕಿ ಹೊರಳುತ್ತದೆ.

ಇನ್ನೊಂದು ವಿಷಯ ನನ್ನನ್ನು ಹೆದರಿಸಿತು. ಐದು ಗಂಟೆ ಮಲಗಿದ ದಿನಗಳಲ್ಲೂ ನನಗೆ ನಿದ್ದೆ ಕಡಿಮೆಯಾಗಿದೆ ಅಂತ ಅನಿಸುತ್ತಲೇ ಇರಲಿಲ್ಲ. "ನನಗೆ ಅಭ್ಯಾಸ ಆಗಿದೆ" ಅಂತ ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನು. ಅಣ್ಣನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅವಳ ಹತ್ತಿರ ಇದನ್ನು ಹೇಳಿದಾಗ ಒಂದು ಪ್ರಯೋಗದ ಬಗ್ಗೆ ವಿವರಿಸಿದಳು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಮಾಡಿ 2003ರಲ್ಲಿ ಪ್ರಕಟಿಸಿದ್ದು. ವ್ಯಾನ್ ಡಾಂಗೆನ್, ಡಿಂಜಸ್ ಮತ್ತು ಅವರ ಜೊತೆಯವರು ಆರೋಗ್ಯವಂತರಾದ 48 ಜನರನ್ನು ಆರಿಸಿಕೊಂಡರು. ಕೆಲವರಿಗೆ ದಿನಾ ಎಂಟು ಗಂಟೆ, ಕೆಲವರಿಗೆ ಆರು, ಕೆಲವರಿಗೆ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಹೀಗೆ ಹದಿನಾಲ್ಕು ದಿನ. ಇನ್ನೊಂದು ಗುಂಪಿಗೆ ಮೂರು ರಾತ್ರಿ ನಿದ್ದೆಯೇ ಇಲ್ಲ. ಎಚ್ಚರ ಇರುವಾಗ ಪದೇಪದೇ ಪರೀಕ್ಷೆ. ಅದರಲ್ಲಿ ಒಂದು, ಪರದೆಯ ಮೇಲೆ ಅಂಕಿ ಮೂಡಿದ ಕೂಡಲೇ ಗುಂಡಿ ಒತ್ತುವುದು.

ಎರಡು ವಾರ ಮುಗಿಯುವ ಹೊತ್ತಿಗೆ ಆರು ಗಂಟೆ ಮಲಗಿದವರೂ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರಷ್ಟು ಹಿಂದೆ ಬಿದ್ದಿದ್ದರು. ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಗಿದ್ದರು. ಆದರೆ "ಎಷ್ಟು ನಿದ್ದೆ ಬರ್ತಿದೆ?" ಅಂತ ಕೇಳಿದರೆ ಅವರ ಉತ್ತರ ಕೆಲವು ದಿನಗಳ ಮೇಲೆ ಅಷ್ಟೇನೂ ಏರಲಿಲ್ಲ. ತಾವು ಎಷ್ಟು ಕೆಟ್ಟಿದ್ದೇವೆ ಅನ್ನುವುದು ಅವರಿಗೇ ತಿಳಿಯುತ್ತಿರಲಿಲ್ಲ. ಅವಳು ಇದನ್ನು ಹೇಳಿದಾಗ ನನಗೆ ಹೊಸನಗರದ ಆ ರೈತರ ಮುಖ ಕಣ್ಣ ಮುಂದೆ ಬಂತು. ಆ ಮಧ್ಯಾಹ್ನ ನಾನು ಆರಾಮಾಗಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ಕಾಫಿಯ ವಿಷಯವನ್ನೂ ಅವಳೇ ಬಿಡಿಸಿ ಹೇಳಿದಳು. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆ ನಿದ್ದೆ ಎಳೆಯುತ್ತದೆ. ನಾನು ಇದನ್ನು ಚೊಗರಿನ, ಅಂದರೆ ಅಡಿಕೆ ಬೇಯಿಸಿದ ರಸದ, ಹಾಗೆ ಅರ್ಥ ಮಾಡಿಕೊಂಡೆ. ಅಡಿಕೆ ಬೇಯಿಸುವ ಹಂಡೆಯಲ್ಲಿ ಒಂದೊಂದು ಸಲ ಬೇಯಿಸಿದಾಗಲೂ ಚೊಗರು ಮಂದವಾಗುತ್ತಾ ಹೋಗುತ್ತದಲ್ಲ, ಹಾಗೆ. ಮಲಗಿದರೆ ಮಾತ್ರ ಹಂಡೆ ತೊಳೆದಂತೆ. ಕಾಫಿ ಅದನ್ನು ತೊಳೆಯುವುದಿಲ್ಲ. ಅಡಿನೋಸಿನ್ ಹೋಗಿ ಕೂರಬೇಕಾದ ಜಾಗದಲ್ಲಿ ಕೆಫೀನ್ ತಾನು ಕೂತುಬಿಡುತ್ತದೆ, ಹಾಗಾಗಿ ದಣಿವು ಗೊತ್ತಾಗುವುದಿಲ್ಲ. ಕುಡಿದದ್ದರಲ್ಲಿ ಅರ್ಧ ಮೈಯಿಂದ ಹೋಗಲಿಕ್ಕೇ ಸುಮಾರು ಐದು ಗಂಟೆ ಬೇಕು. ಏಳಕ್ಕೆ ಕುಡಿದ ನನ್ನ ಕಾಫಿಯ ಅರ್ಧ ರಾತ್ರಿ ಹನ್ನೆರಡಕ್ಕೂ ಒಳಗೇ ಇರುತ್ತಿತ್ತು. ಈಗ ಮಧ್ಯಾಹ್ನ ಎರಡರ ಮೇಲೆ ಕುಡಿಯುವುದಿಲ್ಲ. ಸಂಜೆ ಬಿಸಿ ಕಷಾಯ. ಕಾಫಿ ಬಿಟ್ಟ ಮೊದಲ ವಾರ ತಲೆನೋವು ಬಂದಿತ್ತು, ಆಮೇಲೆ ಹೋಯಿತು.

ದೊಡ್ಡವರಿಗೆ ರಾತ್ರಿ ಏಳು ಗಂಟೆಯಾದರೂ ನಿದ್ದೆ ಬೇಕು ಅನ್ನುತ್ತಾರೆ ತಿಳಿದವರು. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ಎಂಟರಿಂದ ಹತ್ತು. ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಅವಳನ್ನು ನಾಲ್ಕಕ್ಕೆ ಎಬ್ಬಿಸಿ ಓದಿಸುವುದನ್ನು ನಿಲ್ಲಿಸಿದ್ದೇನೆ. ಅಕ್ಕಪಕ್ಕದವರು ಕೇಳುತ್ತಾರೆ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲಿ, ಕನಸಿನ ನಿದ್ದೆ ಹೆಚ್ಚಾಗಿ ಬೆಳಗಿನ ಜಾವಕ್ಕೆ ಬರುತ್ತದೆ. ಓದಿದ್ದು ತಲೆಯಲ್ಲಿ ನಿಲ್ಲಬೇಕಾದರೆ ನಿದ್ದೆ ಬೇಕೇ ಬೇಕು. ಹನ್ನೊಂದಕ್ಕೆ ಮಲಗಿದ ಮಗುವನ್ನು ನಾಲ್ಕಕ್ಕೆ ಎಬ್ಬಿಸಿದರೆ ಆ ಬೆಳಗಿನ ಜಾವದ ಭಾಗವನ್ನೇ ಕತ್ತರಿಸಿದಂತೆ ಅಲ್ವಾ?

ನಾನು ಮಾಡಿಕೊಂಡ ಬದಲಾವಣೆಗಳು ತುಂಬಾ ಸಣ್ಣವು. ಫೈಲು ಮನೆಗೆ ತರುವುದಿಲ್ಲ. ಹತ್ತು ಗಂಟೆಗೆ ಮೊಬೈಲನ್ನು ಅಡುಗೆಮನೆಯ ಕಿಟಕಿಯ ಹತ್ತಿರ ಚಾರ್ಜಿಗೆ ಹಾಕಿ ಬರುತ್ತೇನೆ. ಹಾಲಿನ ಟ್ಯೂಬ್‌ಲೈಟ್ ಆರಿಸಿ ಮೂಲೆಯ ಹಳದಿ ದೀಪ ಮಾತ್ರ ಇಡುತ್ತೇವೆ. ಕಣ್ಣಿಗೆ ಜೋರು ಬೆಳಕು ಬೀಳುತ್ತಿದ್ದರೆ ಮೆದುಳು ಮೆಲಟೋನಿನ್ ಸುರಿಸಲು ತಡ ಮಾಡುತ್ತದೆ. ನಮ್ಮೂರ ಬುಡ್ಡಿ ದೀಪದ ಗುಟ್ಟು ಅದೇ. ಬಿಲ್ ಕೆಲಸವನ್ನೆಲ್ಲ ಆದಷ್ಟು ಬೆಳಿಗ್ಗೆಯೇ ಮುಗಿಸುತ್ತೇನೆ. ಊಟದ ನಂತರದ ಒಂದು ಗಂಟೆ ಯಾರಿಗಾದರೂ ಸ್ವಲ್ಪ ಮಂಕೇ, ಆಗ ಫೋನ್ ಮಾಡುವುದು, ರಸೀದಿ ಜೋಡಿಸುವುದು. ತೀರಾ ಆಗದಿದ್ದರೆ ಗೋದಾಮಿನ ಹಿಂದಿನ ಕೋಣೆಯಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚುತ್ತೇನೆ. ಅದಕ್ಕಿಂತ ಜಾಸ್ತಿ ಮಲಗಿದರೆ ಎದ್ದ ಮೇಲೆ ತಲೆ ಭಾರ. ಮಾಲೀಕರಿಗೆ ನೋಟ್‌ಬುಕ್ ತೋರಿಸಿ ಇದನ್ನು ಕೇಳಿಕೊಂಡೆ. ಅವರು ಪುಟ ತಿರುವಿ ನೋಡಿ, ಮಾತಾಡದೆ ಒಪ್ಪಿದರು.

ಎಲ್ಲರಿಗೂ ಇಷ್ಟು ಸುಲಭ ಇಲ್ಲ ಅಂತಲೂ ಗೊತ್ತು. ನಮ್ಮ ಮಾವ ಭದ್ರಾವತಿಯಲ್ಲಿ ಮೂರು ಪಾಳಿಯ ಕೆಲಸದಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಬಂದ ದಿನ ಅತ್ತೆ ಕಿಟಕಿಗೆ ಕರಿ ಕಂಬಳಿ ಕಟ್ಟಿ, ನಾವು ಮಕ್ಕಳು ಅಂಗಳದಲ್ಲಿ ಆಡದ ಹಾಗೆ ಕಾವಲು ಕೂರುತ್ತಿದ್ದರು. ಆಗ ಅತ್ತೆ ಮೇಲೆ ನಮಗೆ ಸಿಟ್ಟು. ಈಗ ನೆನೆದರೆ ಕೈ ಮುಗಿಯಬೇಕು ಅನಿಸುತ್ತದೆ. ಎಳೆ ಮಗುವಿನ ತಾಯಿ, ರಾತ್ರಿ ಬೆಂಗಳೂರು ಬಸ್ ಓಡಿಸುವವರು, ಇವರಿಗೆಲ್ಲ "ಬೇಗ ಮಲಗಿ" ಅಂತ ಹೇಳುವುದಕ್ಕಿಂತ ಮನೆಯವರು ಹಗಲಲ್ಲಿ ಎರಡು ಗಂಟೆ ಕತ್ತಲೆ ಮಾಡಿಕೊಟ್ಟರೆ ದೊಡ್ಡ ಉಪಕಾರ. ಜೋರು ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟಿದಂತಾಗುವವರು ಎಷ್ಟು ಹೊತ್ತು ಮಲಗಿದರೂ ಸುಸ್ತಾಗೇ ಏಳುತ್ತಾರೆ. ಅವರು ಡಾಕ್ಟರಿಗೆ ತೋರಿಸಲೇಬೇಕು, ಮುಂದೂಡಬಾರದು.

ಇಷ್ಟೆಲ್ಲ ತಿಳಿದ ಮೇಲೆ ನೆನಪಾದದ್ದು ನಮ್ಮ ಅಜ್ಜಿ.

ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಊಟ ಆದ ಮೇಲೆ ಹೊರ ಜಗಲಿಯಲ್ಲಿ ಕಾಲಲ್ಲಿ ಮೆಟ್ಟಿ ಹಿಡಿದು ಸುಲಿಯುವ ಹತ್ತು ಹದಿನೈದು ಮೆಟ್ಟುಗತ್ತಿ ಸಾಲಾಗಿ ಕೂರುತ್ತಿದ್ದವು. ಕೊಯ್ದ ಹಸಿ ಅಡಿಕೆ ಜಾಸ್ತಿ ದಿನ ಕಾಯುವುದಿಲ್ಲ, ಬೆಳಿಗ್ಗೆ ಹಂಡೆಗೆ ಹಾಕಬೇಕು. ಮಾತು, ನಗು, ಯಾರದೋ ಮನೆ ಸುದ್ದಿ. ಕೆಲಸದ ಒತ್ತಡ ಎಷ್ಟೇ ಇರಲಿ, ಅಜ್ಜಿಯ ಕಣ್ಣು ಸುಲಿಯುವವರ ಕೈ ಮೇಲೆ ಇರುತ್ತಿರಲಿಲ್ಲ, ಬಾಯಿ ಮೇಲೆ ಇರುತ್ತಿತ್ತು. ಯಾರಾದರೂ ಎರಡು ಸಲ ಆಕಳಿಸಿದರೆ ಸಾಕು, "ಏಳು, ಹೋಗಿ ಮಲಕ್ಕೋ" ಅನ್ನುತ್ತಿದ್ದರು. ನಿಂತ ಕತ್ತಿಯ ಮುಂದೆ ತೂಕಡಿಸಿದರೆ ಬೆರಳು ಹೋಗುತ್ತದೆ. ಅಡಿಕೆಗೂ ಗಾಯ ಆಗುತ್ತದೆ, ಗಾಯದ ಅಡಿಕೆಗೆ ಬೆಲೆ ಇಲ್ಲ. ಸುಲಿದದ್ದನ್ನು ಅಳೆದು ಕೂಲಿ ಕೊಡುವ ಕಾರಣ ಎದ್ದು ಹೋಗಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಅದಕ್ಕೆ ಅಜ್ಜಿ ಒಂದು ದಾರಿ ಮಾಡಿದ್ದರು. ಎದ್ದವರ ಬುಟ್ಟಿಯ ಮೇಲೆ ತಾವೇ ಗೋಣಿಚೀಲ ಮುಚ್ಚುತ್ತಿದ್ದರು. ಗೋಣಿ ಮುಚ್ಚಿದ ಬುಟ್ಟಿಗೆ ಬೇರೆ ಯಾರೂ ಕೈ ಹಾಕುವಂತಿಲ್ಲ. ಬೆಳಿಗ್ಗೆ ಬೇಗ ಬಂದು ಅವರೇ ಮುಗಿಸುತ್ತಿದ್ದರು.

ಈಗ ಊರಲ್ಲಿ ಸುಲಿಯುವ ಯಂತ್ರ ಬಂದಿದೆ. ಆದರೂ ನಮ್ಮ ಮನೆಯಲ್ಲಿ ಸ್ವಲ್ಪ ಅಡಿಕೆ ಕೈಯಲ್ಲೇ ಸುಲಿಯುತ್ತಾರೆ. ಈ ಸಂಕ್ರಾಂತಿಗೆ ಹೋಗಿದ್ದೆ. ಅಣ್ಣನ ಮಗಳೂ ಬಂದಿದ್ದಳು, ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮುಗಿಸಿ ನೇರವಾಗಿ. ಊಟ ಆದ ಮೇಲೆ ಅಜ್ಜಿಯ ಮೆಟ್ಟುಗತ್ತಿ ಹಾಕಿಕೊಂಡು ಕೂತಳು. ಒಂದು ಸಲ ಆಕಳಿಸಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ.

"ಏಳು" ಅಂದೆ.

"ಇಷ್ಟು ಮುಗಿಸ್ತೀನಿ ಅತ್ತೆ, ಅರ್ಧ ಬುಟ್ಟಿ ಇದೆ."

ನಾನು ಎದ್ದು ಒಳಗಿಂದ ಒಂದು ಗೋಣಿಚೀಲ ತಂದು ಅವಳ ಬುಟ್ಟಿಯ ಮೇಲೆ ಮುಚ್ಚಿದೆ. ಆ ಕಡೆ ಕೂತಿದ್ದ ಅಮ್ಮ ಕತ್ತೆತ್ತಿ ನನ್ನನ್ನೇ ನೋಡಿದರು. ಆಮೇಲೆ ಕೈ ಚಾಚಿ, ಗೋಣಿಯ ಮಡಚಿದ ಒಂದು ಮೂಲೆಯನ್ನು ಸರಿಯಾಗಿ ಎಳೆದರು.