ಚಿತ್ರದ ಹಿಂದಿನ ಬೆಳಕು

ಬೆಂಗಳೂರಿನ ಕುಮಾರಕೃಪ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನ ನಮ್ಮ ಕಾಲೇಜಿನಲ್ಲಿ ನಾನು ಓದುವಾಗ ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ ಎಂಬ ವಿಭಾಗಗಳಿದ್ದವು. ನಾಟಕಕ್ಕೆ ಸಂಬಂಧಿಸಿದ ಒಂದು ತರಗತಿಯೂ ನಮಗಿರಲಿಲ್ಲ. ಆದರೂ ಇಂದು ನಾನು ರಂಗಸಜ್ಜಿಕೆ, ಬೆಳಕಿನ ವಿನ್ಯಾಸ ಮಾಡಿಕೊಂಡು ಬದುಕುತ್ತಿರುವುದಕ್ಕೆ ಚಿತ್ರಕಲಾ ಪರಿಷತ್ತೇ ಕಾರಣ. ಯಾವ ರಂಗಶಾಲೆಯಲ್ಲಿ ಕಲಿತಿರಿ ಎಂದು ನಾಟಕದ ಗೆಳೆಯರು ಕೇಳಿದಾಗಲೆಲ್ಲ ಪರಿಷತ್ತಿನ ಹೆಸರನ್ನೇ ಹೇಳುತ್ತೇನೆ.

ಮೊದಲ ವರ್ಷ ನಮಗೆ ಬಣ್ಣಕ್ಕಿಂತ ಹೆಚ್ಚಾಗಿ ಪೆನ್ಸಿಲ್ಲು, ಇದ್ದಿಲುಗಳ ಸಹವಾಸ. ಬೆಳಗಿನ ಹೊತ್ತು ಕೆ.ಆರ್. ಮಾರುಕಟ್ಟೆ, ರಾತ್ರಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಇಲ್ಲವಾದರೆ ರೈಲು ನಿಲ್ದಾಣ. ಸ್ಕೆಚ್‌ಬುಕ್ ಹಿಡಿದು ಹೋಗುವುದು, ಪುಟ ತುಂಬುವುದು, ಮೇಷ್ಟರಿಗೆ ತೋರಿಸುವುದು. ಹೂವಿನ ಮೂಟೆ ಹೊತ್ತವನು ನಾವು ಬರೆಯುತ್ತೇವೆಂದು ನಿಲ್ಲುವುದಿಲ್ಲ. ಅವನು ದಾಟಿ ಹೋಗುವಷ್ಟರಲ್ಲಿ ನಾಲ್ಕಾರು ಗೆರೆಗಳಲ್ಲಿ ಹಿಡಿಯಬೇಕು. ನಮ್ಮ ಮೇಷ್ಟರು ಮೂಗು, ಕಣ್ಣು ಸರಿಯಾಗಿ ಬಂದಿದೆಯೇ ಎಂದು ನೋಡುತ್ತಲೇ ಇರಲಿಲ್ಲ. "ಭಾರ ಯಾವ ಕಾಲಿನ ಮೇಲಿದೆ?" ಎಂಬುದೊಂದೇ ಅವರ ಪ್ರಶ್ನೆ. ಉತ್ತರ ಹೇಳಲು ಬಾರದಿದ್ದರೆ ಆ ಮೂಟೆಯವನ ಹಾಗೆ ನಮ್ಮನ್ನೇ ನಿಲ್ಲಿಸುತ್ತಿದ್ದರು. ಬೆನ್ನು ಬಗ್ಗಿಸಿ, ಇಲ್ಲದ ಮೂಟೆಯನ್ನು ಹೆಗಲಿಗೇರಿಸಿ ನಿಂತಾಗ ಸೊಂಟ ಎತ್ತ ವಾಲುತ್ತದೆ, ಹಿಮ್ಮಡಿ ಏನು ಮಾಡುತ್ತದೆ ಎಂಬುದು ಮೈಗೇ ತಿಳಿಯುತ್ತಿತ್ತು. ಮುಂದೆ ನಾಟಕದ ತಾಲೀಮಿಗೆ ಕುಳಿತಾಗ ನಟರು ಮಾಡುತ್ತಿದ್ದುದು ನನಗೆ ಹೊಸದೆನಿಸಲಿಲ್ಲ.

ಆದರೆ ನನ್ನನ್ನು ನಿಜವಾಗಿ ಈ ದಾರಿಗೆ ತಂದದ್ದು ಪರಿಷತ್ತಿನ ತೊಗಲುಗೊಂಬೆಗಳು, ಅಂದರೆ ಪರದೆಯ ಹಿಂದೆ ದೀಪವಿಟ್ಟು ಆಡಿಸುವ ಚರ್ಮದ ಗೊಂಬೆಗಳು. 1960ರಲ್ಲಿ ಪರಿಷತ್ತನ್ನು ಹುಟ್ಟುಹಾಕಿದ ಎಂ.ಎಸ್. ನಂಜುಂಡರಾವ್ ಅವರು ಈ ಗೊಂಬೆಗಳ ಬೆನ್ನುಹತ್ತಿ ಅಧ್ಯಯನ ಮಾಡಿದವರು, ಸಂಗ್ರಹಿಸಿದವರು. ತರಗತಿ ಮುಗಿದ ಮೇಲೆ ನಾನು ಅವುಗಳ ಮುಂದೆ ಕುಳಿತು ನಕಲು ತೆಗೆಯುತ್ತಿದ್ದೆ. ಹದಮಾಡಿದ ತೆಳು ತೊಗಲು, ಕಪ್ಪು ಗೆರೆ, ಕೆಂಪು, ಹಸಿರು. ಒಡವೆಗಳನ್ನೂ ಸೀರೆಯ ಅಂಚನ್ನೂ ಬರೀ ತೂತುಗಳಿಂದಲೇ ಮಾಡಿರುತ್ತಾರೆ. ರಾಜರು, ದೇವರುಗಳು ದೊಡ್ಡವರು, ಆಳುಕಾಳುಗಳು ಸಣ್ಣವರು. ದೂರದಲ್ಲಿರುವುದು ಚಿಕ್ಕದಾಗಿ ಕಾಣುತ್ತದೆ ಎಂದು ತರಗತಿಯಲ್ಲಿ ಕಲಿಯುತ್ತಿದ್ದ ನನಗೆ, ಅಂತಸ್ತಿನಲ್ಲಿ ಕೆಳಗಿರುವುದು ಚಿಕ್ಕದಾಗಿ ಕಾಣುವ ಈ ಲೆಕ್ಕ ಬಹಳ ದಿನ ತಲೆಯಲ್ಲಿ ಉಳಿಯಿತು. ಕೆಲವು ಗೊಂಬೆಗಳಲ್ಲಿ ಒಂದೇ ತೊಗಲಿನಲ್ಲಿ ಇಡೀ ಸನ್ನಿವೇಶವೇ ಇರುತ್ತದೆ. ಅಂಥವನ್ನು ಹೇಗೆ ಆಡಿಸುತ್ತಾರೆ ಎಂಬುದು ಬಿಡಿಸಿಕೊಂಡಷ್ಟೂ ನನಗೆ ಅರ್ಥವಾಗುತ್ತಿರಲಿಲ್ಲ.

ಅರ್ಥವಾದದ್ದು ಬಳ್ಳಾರಿ ಕಡೆಯ ಮೇಳವೊಂದು ಬಂದು ಆಟ ತೋರಿಸಿದ ರಾತ್ರಿ. ಮೇಳದ ಯಜಮಾನರು ನಮ್ಮಂಥ ನಾಲ್ಕೈದು ಮಂದಿಯನ್ನು ಪರದೆಯ ಹಿಂದೆ ಕೂರಲು ಬಿಟ್ಟರು. ಗಾಜಿನ ಒಳಗೆ ಮಂಕಾಗಿ ಕಾಣುತ್ತಿದ್ದ ಬಣ್ಣವೇ ಇಲ್ಲಿ ಹಿಂದಿನಿಂದ ಬೆಳಕು ಬಿದ್ದೊಡನೆ ಕೆಂಡದಂತೆ ಹೊಳೆಯಿತು. ತೂತುಗಳೆಲ್ಲ ಮಿಂಚುವ ಹರಳುಗಳಾದವು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆ ಚೂಪು; ದೀಪದ ಕಡೆಗೆ ಒಂದು ಗೇಣು ಹಿಂದಕ್ಕೆ ತಂದರೆ ಆಕೃತಿ ಹಿಗ್ಗಿ, ಅಂಚು ಕರಗಿ, ಪಾತ್ರ ಮಾಯವಾಗುತ್ತದೆ. ಕೈಕಾಲು ಬಿಡಿಯಾಗಿಲ್ಲದ ಗೊಂಬೆಗೂ ಚಲನೆ ಬರುವುದು ಹೀಗೆ. ಯಜಮಾನರು ಒಂದು ಕೈಯಲ್ಲಿ ರಾವಣನನ್ನು ಹಿಡಿದು ಅವನ ಮಾತನ್ನು ಆಡುತ್ತ, ಇನ್ನೊಂದು ಕೈಯಲ್ಲಿ ಸೀತೆಯನ್ನು ಅಲುಗಿಸುತ್ತಿದ್ದರು. ಪಕ್ಕದಲ್ಲಿ ಅವರ ಮನೆಯವರೇ ಹಾರ್ಮೋನಿಯಂ, ಮದ್ದಳೆ, ತಾಳ ಹಿಡಿದು ಕುಳಿತಿದ್ದರು. ಗೊಂಬೆ ಕೊರೆಯುವವರು, ಬಣ್ಣ ಹಾಕುವವರು, ಹಾಡುವವರು, ಆಡಿಸುವವರು ಎಲ್ಲರೂ ಒಂದೇ ಕುಟುಂಬದವರು. ದೃಶ್ಯಕಲೆ, ಪ್ರದರ್ಶನಕಲೆ ಎಂದು ನಾವು ಎರಡು ಕಟ್ಟಡಗಳಲ್ಲಿ ಇಟ್ಟಿರುವುದನ್ನು ಅವರು ಒಂದು ಚಾಪೆಯ ಮೇಲೆ ಮಾಡುತ್ತಿದ್ದರು. ಚಿತ್ರ ಬರೆದವರಿಗೆ ಅದು ಯಾವ ಬೆಳಕಿನಲ್ಲಿ, ಯಾವ ರಾಗದ ಜೊತೆ ಕಾಣಿಸಿಕೊಳ್ಳುತ್ತದೆ ಎಂಬುದು ಬರೆಯುವಾಗಲೇ ಗೊತ್ತಿರುತ್ತದೆ. ನಾನು ಇವತ್ತಿಗೂ ಒಂದು ಪರದೆಗೆ ಬಣ್ಣ ಹಚ್ಚುವ ಮೊದಲು ಅದರ ಹಿಂದೆ ದೀಪ ಇಟ್ಟು ನೋಡುತ್ತೇನೆ.

ಆಮೇಲೆ ಪರಿಷತ್ತಿನಲ್ಲಿ ಎಲ್ಲಿ ನೋಡಿದರೂ ಚಿತ್ರಕ್ಕೂ ಪ್ರದರ್ಶನಕ್ಕೂ ಇರುವ ಈ ನಂಟೇ ಕಾಣತೊಡಗಿತು. ರೋರಿಕ್ ಗ್ಯಾಲರಿಯಲ್ಲಿ ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳನ್ನು ನೋಡುವವರು ಅವರ ಪತ್ನಿ ದೇವಿಕಾರಾಣಿಯವರನ್ನು ಸಿನಿಮಾ ತಾರೆಯಾಗಿ ಮಾತ್ರ ನೆನೆಯುತ್ತಾರೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದವರು ಅವರು, ನಿಜ. ಆದರೆ ತೆರೆಯ ಮೇಲೆ ಬರುವ ಮೊದಲೇ ಲಂಡನ್ನಿನಲ್ಲಿ ಬಟ್ಟೆಯ ವಿನ್ಯಾಸ ಕಲಿತು, 1929ರ ಮೂಕಿ ಚಿತ್ರವೊಂದರ ಉಡುಗೆ ಮತ್ತು ಕಲಾನಿರ್ದೇಶನದಲ್ಲಿ ಕೆಲಸ ಮಾಡಿದವರೂ ಅವರೇ. ನಮ್ಮಂಥ ವಿದ್ಯಾರ್ಥಿಗಳಿಗೆ ಇದು ಮೊದಲು ಗೊತ್ತಾಗಬೇಕಾದ ಸಂಗತಿ ಎಂದು ನನ್ನ ಎಣಿಕೆ.

ಕಡೆಯ ವರ್ಷಗಳಲ್ಲಿ ನಾವು ಕೆಲವರು ಸಂಜೆಯಾದರೆ ರವೀಂದ್ರ ಕಲಾಕ್ಷೇತ್ರಕ್ಕೆ ಓಡುತ್ತಿದ್ದೆವು. ಅಲ್ಲಿ ನಾಟಕವಾಡುವ ಹವ್ಯಾಸಿ ತಂಡಗಳಿಗೆ ಪ್ಲೈವುಡ್ ಕೊಯ್ದು, ಗೋಣಿತಟ್ಟಿಗೆ ಬಣ್ಣ ಬಳಿದು, ಸಂಬಳದ ಬದಲು ಚಹಾ, ಬನ್ ಪಡೆದು ಕಲಿತ ಕಾಲ ಅದು. ಶಿಲ್ಪ ವಿಭಾಗದ ಗೆಳೆಯರು ಮುಖವಾಡ ಮಾಡಿಕೊಡುತ್ತಿದ್ದರು, ಗ್ರಾಫಿಕ್ಸ್‌ನವರು ಪೋಸ್ಟರ್ ಅಚ್ಚು ಹಾಕುತ್ತಿದ್ದರು. ನಮ್ಮ ವಿಭಾಗಗಳ ನಡುವಿನ ಗೋಡೆ ಬಿದ್ದದ್ದು ಅಲ್ಲಿ.

ಈಗ ಓದುತ್ತಿರುವವರಿಗೂ ಅಧ್ಯಾಪಕರಿಗೂ ನನ್ನದೊಂದು ಕೋರಿಕೆ. ಚಿತ್ರಗಳನ್ನು ಬೀದಿಯಲ್ಲೇ ಮಾರುವ ಚಿತ್ರಸಂತೆಗೆ ಬೆಂಗಳೂರೆಲ್ಲ ನಮ್ಮ ರಸ್ತೆಗೆ ಬರುತ್ತದೆ, ಅದು ಹೆಮ್ಮೆಯ ವಿಷಯ. ಅದರ ಜೊತೆಗೆ ವರ್ಷಕ್ಕೊಮ್ಮೆ ತೊಗಲುಗೊಂಬೆಯ ಮೇಳವೊಂದನ್ನು ಕರೆಸಿ. ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಸಂತೋಷಪಟ್ಟವರಲ್ಲಿ ಈ ಆಟವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಇದ್ದಾರು? ಗ್ಯಾಲರಿಯ ಹಳೆಯ ಗೊಂಬೆಗಳನ್ನು ಮುಟ್ಟುವುದು ಬೇಡ, ಅವು ತಾಳುವುದಿಲ್ಲ. ಆಡುವವರು ತಮ್ಮ ಗೊಂಬೆಗಳನ್ನು ತರಲಿ, ಗೌರವಧನ ಚೆನ್ನಾಗಿ ಕೊಡೋಣ. ಮೊದಲ ವರ್ಷದ ಮಕ್ಕಳನ್ನು ಸ್ಕೆಚ್‌ಬುಕ್ ಸಮೇತ ಪರದೆಯ ಹಿಂದೆ ಕೂರಿಸಿ. ಪರದೆ ಕಟ್ಟುವ ಕೆಲಸವನ್ನು ನನಗೆ ಬಿಡಿ.