ಅಪ್ಪನ ಕಂಪ್ಯೂಟರ್ 2012ಕ್ಕೆ ಹೋಗಿತ್ತು

14 ಜೂನ್ 2025, ಶನಿವಾರ
ಬಟವಾಡಿ, ತುಮಕೂರು

ನಿನ್ನೆ ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಅಪ್ಪ ಎದುರಿಗೆ ಬಂದರು. "ಕಂಪ್ಯೂಟರ್ ಹೋಯ್ತು ಕಣೋ. ತೋಟದ ಲೆಕ್ಕ ಎಲ್ಲಾ ಅದರಲ್ಲೇ ಇದೆ."

ಗುಬ್ಬಿ ಹತ್ತಿರದ ನಮ್ಮ ತೋಟದ್ದು. ಎಷ್ಟು ಕಾಯಿ ಇಳಿಯಿತು, ಅಡಿಕೆ ಏನು ರೇಟಿಗೆ ಹೋಯಿತು, ಕೂಲಿ ಎಷ್ಟಾಯಿತು, ಬೋರ್‌ವೆಲ್ ಮೋಟರಿಗೆ ಎಷ್ಟು ಸುರಿದೆವು. 2014ರಿಂದ ಬರೆದಿಟ್ಟಿದ್ದಾರೆ. ಇನ್ನೊಂದು ಕಾಪಿ ಎಲ್ಲೂ ಇರಲಿಲ್ಲ. ಆ ತಪ್ಪು ನನ್ನದು, ನಾನೇ ತೆಗೆದಿಡಬೇಕಿತ್ತು.

ಆನ್ ಮಾಡಿದರೆ ವಿಂಡೋಸ್ ಲೋಗೋ ಬರುತ್ತದೆ, ಆಮೇಲೆ ನೀಲಿ ಪರದೆ. 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎನ್ನುತ್ತದೆ. ಮತ್ತೆ ತಾನೇ ರೀಸ್ಟಾರ್ಟ್, ಮತ್ತೆ ಅದೇ. ಅಪ್ಪ ಮಧ್ಯಾಹ್ನವೇ ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿದ್ದರಂತೆ. ಹಾರ್ಡ್‌ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು ಎಂದರಂತೆ. ನೋಡದೆ ಹೇಗೆ ಹೇಳುತ್ತಾರೋ! ಅದು ಕೇಳಿ ನಿಜಕ್ಕೂ ಸಿಟ್ಟು ಬಂತು.

"ಬೆಳಗ್ಗೆ ಆನ್ ಮಾಡಿದಾಗ ಏನಾದರೂ ಬೇರೆ ತೋರಿಸ್ತಾ ಅಪ್ಪ?"

"ಕಪ್ಪು ಪರದೆ ಬಂತು. ಎಫ್1 ಒತ್ತು, ಇಲ್ಲಾ ಎಫ್2 ಒತ್ತು ಅಂತಿತ್ತು. ಎಫ್2ರ ಮುಂದೆ ಕಂಟಿನ್ಯೂ ಅಂತ ಇತ್ತಲ್ಲ, ಅದನ್ನೇ ಒತ್ತಿದೆ."

ಅಲ್ಲಿ ಎಳೆ ಸಿಕ್ಕಿತು. ಆ ಸಾಲು ಪೂರ್ತಿ ಹೇಳುವುದು, ಡಿಫಾಲ್ಟ್ ಸೆಟ್ಟಿಂಗ್ (ಕಂಪನಿಯಿಂದ ಬಂದಾಗಿನದು) ಲೋಡ್ ಮಾಡಿ ಮುಂದುವರಿ ಎಂದು. ಅಂದರೆ ಮದರ್‌ಬೋರ್ಡ್ (ಕಂಪ್ಯೂಟರಿನ ಒಳಗಿನ ಮುಖ್ಯ ಬೋರ್ಡು) ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಮರೆತಿದೆ.

ಡಿಲೀಟ್ ಕೀ ಒತ್ತುತ್ತಾ ಬಯಾಸ್ ಒಳಗೆ ಹೋದೆ. ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನ ಚಿಪ್‌ನಲ್ಲೇ ಇರುವ ಪ್ರೋಗ್ರಾಂ ಅದು. ಮೊದಲು ಹುಡುಕಿದ್ದು ಡಿಸ್ಕನ್ನು. 500 ಜಿಬಿ ಡಿಸ್ಕ್, ಹೆಸರು ಸಮೇತ ಅಲ್ಲೇ ಇತ್ತು. ಅಪ್ಪನಿಗೆ ಬೆರಳಿಟ್ಟು ತೋರಿಸಿದೆ. ಡಿಸ್ಕ್ ಪೂರ್ತಿ ಸತ್ತಿದ್ದರೆ ಇಲ್ಲಿ ಹೆಸರೇ ಬರುವುದಿಲ್ಲ. ತಾರೀಖು ನೋಡಿದರೆ 1 ಜನವರಿ 2012. ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ನೋಡಿದರೆ ಐಡಿಇ ಎಂಬ ಹಳೇ ರೀತಿ.

ತೊಂದರೆ ಆ ಐಡಿಇಯದು. ನಮ್ಮದು ಹಳೇ ಬೋರ್ಡು, ಅದರ ಡಿಫಾಲ್ಟ್ ಐಡಿಇ. ವಿಂಡೋಸ್ ಹಾಕುವಾಗ ನಾನು ಎಎಚ್‌ಸಿಐ ಎಂಬ ಹೊಸ ರೀತಿಗೆ ಬದಲಿಸಿದ್ದೆ. ವಿಂಡೋಸ್ ಶುರುವಾಗುವಾಗ ತನಗೆ ಗೊತ್ತಿರುವ ಮೋಡಿನ ಡ್ರೈವರನ್ನೇ (ಡಿಸ್ಕ್ ಓದಿಸುವ ಪುಟ್ಟ ಪ್ರೋಗ್ರಾಂ) ಎತ್ತಿಕೊಂಡು ಡಿಸ್ಕ್ ಹುಡುಕುತ್ತದೆ. ಮೋಡ್ ಬದಲಾದರೆ ಡಿಸ್ಕ್ ಪಕ್ಕದಲ್ಲೇ ಇದ್ದರೂ ಅದಕ್ಕೆ ಕಾಣುವುದಿಲ್ಲ. ಬೀಗ ಬದಲಾದ ಮನೆಯ ಮುಂದೆ ಹಳೇ ಕೀಲಿ ಹಿಡಿದು ನಿಂತ ಹಾಗೆ. ಮನೆಯೊಳಗಿನ ಸಾಮಾನು ಎಲ್ಲೂ ಹೋಗಿರುವುದಿಲ್ಲ. ಫಾರ್ಮ್ಯಾಟ್ ಮಾಡಿದ್ದರೆ ಹನ್ನೊಂದು ವರ್ಷದ ಲೆಕ್ಕ ಸುಮ್ನೆ ಅಳಿಸಿ ಹೋಗುತ್ತಿತ್ತು, ಅಲ್ವಾ?

ಎಎಚ್‌ಸಿಐ ಮಾಡಿ, ಎಫ್10 ಒತ್ತಿ ಸೇವ್ ಮಾಡಿದೆ. ವಿಂಡೋಸ್ ಬಂತು. ಮೊದಲು ಲೆಕ್ಕದ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿದೆ, ಆಮೇಲೆ ಉಳಿದದ್ದು. ಬ್ರೌಸರ್ ಮಾತ್ರ ಯಾವ ಸೈಟನ್ನೂ ತೆಗೆಯಲಿಲ್ಲ, ಕನೆಕ್ಷನ್ ಸುರಕ್ಷಿತವಲ್ಲ ಎನ್ನುತ್ತಿತ್ತು. ಸೈಟುಗಳು ಅಸಲಿ ಎಂದು ತೋರಿಸುವ ಸರ್ಟಿಫಿಕೇಟುಗಳಿಗೆ ಶುರುವಾಗುವ ದಿನ, ಮುಗಿಯುವ ದಿನ ಇರುತ್ತವೆ. 2012ರಲ್ಲಿ ನಿಂತು ನೋಡಿದರೆ ಅವು ಇನ್ನೂ ಶುರುವೇ ಆಗಿಲ್ಲ. ತಾರೀಖು ಸರಿ ಮಾಡಿದೆ, ಎಲ್ಲಾ ತೆರೆದುಕೊಂಡವು. ನೆಮ್ಮದಿಯಿಂದ ಊಟ ಮಾಡಿ ಮಲಗಿದೆವು.

ಇವತ್ತು ಬೆಳಗ್ಗೆ ಆನ್ ಮಾಡಿದರೆ ಮತ್ತೆ ಅದೇ ಕಪ್ಪು ಪರದೆ. ಈ ಸಲ ಅಪ್ಪ ಏನೂ ಒತ್ತದೆ ನನ್ನನ್ನು ಕರೆದರು.

ಇನ್ನು ಅನುಮಾನ ಇರಲಿಲ್ಲ, ಬ್ಯಾಟರಿ. ಪರ್ಸನಲ್ ಕಂಪ್ಯೂಟರಿನ ಸೆಟ್ಟಿಂಗ್ ಮತ್ತು ಗಡಿಯಾರವನ್ನು ಬ್ಯಾಟರಿಯ ಮೇಲೆ ಕಾಪಾಡುವ ಪದ್ಧತಿ 1984ರ ಐಬಿಎಂ ಪಿಸಿ ಎಟಿ ಕಾಲದಿಂದ ಬಂದದ್ದು. ನಮ್ಮ ಬೋರ್ಡಿನಲ್ಲೂ ಹಾಗೆಯೇ, ಸಿಆರ್2032 ಎಂಬ ನಾಣ್ಯದಂಥ ಸೆಲ್. 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, 3 ವೋಲ್ಟ್. ಹೆಸರಿನಲ್ಲೇ ಅಳತೆ ಇದೆ. ಒಂದು ತಿಂಗಳಿಂದ ಬೆಳಗ್ಗೆ ಗಡಿಯಾರ ಹಿಂದೆ ಇರುತ್ತದೆ ಎಂದು ಅಪ್ಪ ಹೇಳುತ್ತಲೇ ಇದ್ದರು. ನಾನು ಕಿವಿಗೊಡಲಿಲ್ಲ.

ನಮ್ಮ ಮನೆಯ ಒಂದು ಅಭ್ಯಾಸವೂ ಇದಕ್ಕೆ ಸೇರಿಕೊಂಡಿದೆ. ರಾತ್ರಿ ಸ್ವಿಚ್‌ಬೋರ್ಡಿನಲ್ಲೇ ಆಫ್ ಮಾಡುತ್ತೇವೆ. ಗುಡುಗು ಮಿಂಚಿನ ಕಾಲದಲ್ಲಿ ಅದು ಒಳ್ಳೆಯದೇ, ಬಿಡುವುದಿಲ್ಲ. ಆದರೆ ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಬೋರ್ಡು ಅದನ್ನೇ ಬಳಸಿಕೊಳ್ಳುತ್ತದೆ. ಇಲ್ಲದಿದ್ದರೆ ರಾತ್ರಿಯೆಲ್ಲ ಆ ಪುಟ್ಟ ಸೆಲ್ಲೇ ದುಡಿಯಬೇಕು.

ಅಶೋಕ ರಸ್ತೆಗೆ ಹೋಗಿ 40 ರೂಪಾಯಿಗೆ ಸೆಲ್ ತಂದೆ. ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ, ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿ, ಪಕ್ಕದ ಕ್ಲಿಪ್ ಸರಿಸಿದೆ. ಸೆಲ್ ಟಪ್ಪೆಂದು ಮೇಲೆದ್ದಿತು. ಮಲ್ಟಿಮೀಟರಿನಲ್ಲಿ ಹಳೆಯದು 1.9 ವೋಲ್ಟ್, ಹೊಸದು 3.2 ವೋಲ್ಟ್. ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿದೆ. ತಾರೀಖು, ಎಎಚ್‌ಸಿಐ, ಸೇವ್.

ಬಯಾಸ್ ಅಪ್‌ಡೇಟೂ ಮಾಡಿಬಿಡೋಣ ಎಂದು ಮನಸ್ಸು ಎಳೆಯಿತು. ಬೇಡ ಎನಿಸಿತು. ಈ ತೊಂದರೆಗೆ ಅದು ಮದ್ದಲ್ಲ. ಮನೆಯಲ್ಲಿ ಯುಪಿಎಸ್ ಇಲ್ಲ, ಚಿಪ್‌ಗೆ ಬರೆಯುವ ಮಧ್ಯೆ ಕರೆಂಟ್ ಹೋದರೆ ಬೋರ್ಡೇ ಏಳದಂತಾಗಬಹುದು.

ಸಂಜೆ ಎರಡು ಗಂಟೆ ಕಾಲ ಸ್ವಿಚ್ ಆಫ್ ಮಾಡಿ ಇಟ್ಟು ನೋಡಿದೆವು. ಆನ್ ಮಾಡಿದಾಗ ಸಮಯ ಸರಿಯಾಗಿತ್ತು. 'ಸೆಲ್ 14-6-2025, ಸಾಟಾ ಎಎಚ್‌ಸಿಐ' ಎಂದು ಚೀಟಿ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿದೆ. ಅಪ್ಪ ಈಗ ನಿನ್ನೆಯ ಕೂಲಿ ಲೆಕ್ಕ ಏರಿಸುತ್ತಾ ಕೂತಿದ್ದಾರೆ. ಕೊನೆಯ ಸಾಲಿನಲ್ಲಿ ಸೆಲ್ಲಿನ 40 ರೂಪಾಯಿಯನ್ನೂ ಬರೆದರು.