ಜಾಸ್ತಿ ಅಂದ್ರೆ ಕೂಡೋದಲ್ಲ

ನಮ್ಮ ಗಣಿತದ ಟೀಚರ್ ತೀರಿಕೊಂಡ ಸುದ್ದಿ ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಸ್ವಲ್ಪ ಹೊತ್ತಿಗೆ ಒಬ್ಬ "ಜಾಸ್ತಿ ಅಂದ್ರೆ ಕೂಡೋದಲ್ಲ" ಅಂತ ಹಾಕಿದ. ಹಿಂದೆಯೇ ಉಳಿದವರೂ ಅದನ್ನೇ ಹಾಕಿದರು. ಹೊರಗಿನವರು ನೋಡಿದ್ದರೆ ಇವರಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು.

ಅದರ ಕತೆ ಇಷ್ಟು. ಮೂರನೇ ತರಗತಿಯಲ್ಲಿ ಟೀಚರ್ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ರವಿಯ ಹತ್ತಿರ 12 ಗೋಲಿಗಳಿವೆ. ಅದು ಗೀತಾಳ ಹತ್ತಿರ ಇರುವುದಕ್ಕಿಂತ 5 ಜಾಸ್ತಿ. ಗೀತಾಳ ಹತ್ತಿರ ಎಷ್ಟಿವೆ? ಇಡೀ ತರಗತಿ ಒಟ್ಟಿಗೆ "ಹದಿನೇಳು!" ಅಂತ ಕೂಗಿತು. ಟೀಚರ್ ತಪ್ಪು ಅನ್ನಲಿಲ್ಲ. "ಸರಿ, ಈಗ ಯಾರ ಹತ್ತಿರ ಜಾಸ್ತಿ ಇದೆ?" ಅಂದರು. "ಗೀತಾ ಹತ್ತಿರ." "ಬೋರ್ಡ್ ಏನ್ ಹೇಳ್ತಿದೆ, ಓದಿ." ಓದಿದೆವು. ಎಲ್ಲರ ಬಾಯಿ ಬಂದ್. ಆಮೇಲೆ ಅದೇ ಮಾತನ್ನು ಗೀತಾಳ ಕಡೆಯಿಂದ ಹೇಳಿಸಿದರು: ಗೀತಾಳ ಹತ್ತಿರ ರವಿಗಿಂತ 5 ಕಡಿಮೆ. ಉತ್ತರ 7 ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ. ಅಂದಿನಿಂದ ಒಂದು ನಿಯಮ ಬಂತು. ಲೆಕ್ಕವನ್ನು ನಿನ್ನ ಮಾತಿನಲ್ಲಿ ಹೇಳುವ ತನಕ ಪೆನ್ಸಿಲ್ ಮುಟ್ಟುವ ಹಾಗಿಲ್ಲ.

ಅವರ ಮೇಜಿನ ಮೇಲೆ ಒಂದು ತಗಡಿನ ಡಬ್ಬ ಇರುತ್ತಿತ್ತು. ಒಳಗೆ ಚೀಟಿಗಳು, ಒಂದೊಂದರ ಮೇಲೂ ಒಂದು ಪದ: ಮೊತ್ತ, ವ್ಯತ್ಯಾಸ, ಗುಣಲಬ್ಧ, ಛೇದ, ಸ್ಥಾನಬೆಲೆ. ದಿನಾ ಬೆಳಿಗ್ಗೆ ಒಬ್ಬರು ಚೀಟಿ ಎತ್ತಿ ಆ ಪದ ಬರುವಂಥ ಲೆಕ್ಕವನ್ನು ತಾವೇ ಕಟ್ಟಿ ಹೇಳಬೇಕು. 'ಶೇಷ' ಬಂದರೆ 23 ಪೆನ್ಸಿಲ್‌ಗಳನ್ನು 5 ಜನಕ್ಕೆ ಹಂಚಿ, ತಲೆಗೆ 4 ಕೊಟ್ಟು, 3 ಉಳಿಸಬೇಕು. ತಲೆಗೆ 3 ಕೊಟ್ಟು 8 ಉಳಿಸಿದಿರೋ, "ಉಳಿದವರು ಜಗಳಕ್ಕೆ ಬರ್ತಾರೆ, ಇನ್ನೊಂದು ಸುತ್ತು ಹಂಚು" ಅನ್ನೋರು. ಶೇಷ ಭಾಜಕಕ್ಕಿಂತ ಚಿಕ್ಕದಿರಬೇಕು ಅನ್ನೋದು ನಮಗೆ ಹೀಗೆ ತಲೆಗೆ ಹೋಯಿತು. ಬಂದ ಪದ ಮಾರನೇ ದಿನ ಮತ್ತೆ ಬರುತ್ತಿತ್ತು, ಆಮೇಲೆ ವಾರ ಬಿಟ್ಟು, ಆಮೇಲೆ ಮರೆತೇಬಿಟ್ಟೆವು ಅನ್ನುವ ಹೊತ್ತಿಗೆ. ಹೀಗೆ ಬಿಟ್ಟು ಬಿಟ್ಟು ಕಲಿತದ್ದು ನೆನಪಿನಲ್ಲಿ ಚೆನ್ನಾಗಿ ನಿಲ್ಲುತ್ತದೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿದ್ದಾರೆ. ಅದು ನಾನು ದೊಡ್ಡವನಾದ ಮೇಲೆ ಓದಿದ್ದು.

ಭಾಗಾಕಾರದ ಚೀಟಿಗಳ ಕಾಟ ತಡೆಯಲಾರದೆ ನಾವು ನಾಲ್ವರು ಒಂದು ಮಧ್ಯಾಹ್ನ ಅವನ್ನೆಲ್ಲ ಆರಿಸಿ ಜೇಬಿಗಿಳಿಸಿದೆವು. ಯೋಜನೆ ನನ್ನದೇ, ಅದನ್ನು ಬೇರೆಯವರಿಗೆ ಬಿಟ್ಟುಕೊಡಲಾರೆ. ಮಾರನೇ ದಿನ ಟೀಚರ್ ಡಬ್ಬ ಅಲ್ಲಾಡಿಸಿ, ಎಣಿಸಿ, ಬೋರ್ಡಿಗೆ ಹೋದರು. "40 ಚೀಟಿ ಇತ್ತು, ಈಗ 28 ಇದೆ. ಕದ್ದವರು ನಾಲ್ಕು ಜನ, ಸಮಪಾಲು ಮಾಡ್ಕೊಂಡಿದ್ದಾರೆ. ಒಬ್ಬೊಬ್ಬರಿಗೆ ಎಷ್ಟು?" ನಾಲ್ಕು ಜನ ಅಂತ ಅವರಿಗೆ ಹೇಗೆ ಗೊತ್ತಾಯಿತೋ, ಬಹುಶಃ ನಮ್ಮ ಮುಖಗಳೇ ಹೇಳಿರಬೇಕು. ನಮ್ಮ ಗುಂಪಿನ ಜಾಣ ಎದ್ದು ನಿಂತು, "ಮೂರು ಮೂರು ಬಂತು ಟೀಚರ್, ಶೇಷ ಉಳೀಲಿಲ್ಲ" ಅಂದುಬಿಟ್ಟ! ಟೀಚರ್ ನಕ್ಕು ನಕ್ಕು ಕುರ್ಚಿ ಹಿಡಿದು ಕೂತರು. ಶಿಕ್ಷೆ ಅಂದರೆ, ನಮ್ಮ ನಮ್ಮ ಜೇಬಿನಲ್ಲಿದ್ದ ಪದಗಳಿಗೆ ನಾವೇ ಲೆಕ್ಕ ಕಟ್ಟಬೇಕಾಯಿತು.

ಹೆಡ್‌ಮೇಷ್ಟ್ರದ್ದು ಬೇರೆಯೇ ದಾರಿ. ಅವರಿಗೆ ಮಗ್ಗಿ ಬಿಟ್ಟರೆ ಬೇರೆ ದೇವರಿಲ್ಲ. ಕಾರಿಡಾರಿನಲ್ಲಿ ಎದುರಾದರೆ "ಏಳೆಂಟ್ಲ?" ಅನ್ನೋರು. ಐವತ್ತಾರು ಅಂದ ಮೇಲೇ ದಾರಿ ಬಿಡೋರು. ಆಗ ಶಾಪ ಹಾಕಿದ್ದೇನೆ. ಇವತ್ತು ಆಫೀಸಿನಲ್ಲಿ ಉಳಿದವರು ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ನಾನು ಉತ್ತರ ಹೇಳಿ ಮುಗಿಸಿರುತ್ತೇನೆ. ಜಂಬ ಅಂದರೂ ಪರವಾಗಿಲ್ಲ.

ಈಗ ಮಗಳ ಅಭ್ಯಾಸದ ಹಾಳೆಗಳನ್ನು ನೋಡುತ್ತೇನೆ. ಒಂದು ಪುಟ ತುಂಬ ಬರೀ ಕೂಡುವ ಲೆಕ್ಕ. ಮೊದಲನೆಯದು ನೋಡಿದರೆ ಸಾಕು, ಉಳಿದವನ್ನು ಓದುವ ಅಗತ್ಯವೇ ಇಲ್ಲ. 'ಒಟ್ಟು' ಕಂಡರೆ ಕೂಡು, 'ಉಳಿದ' ಕಂಡರೆ ಕಳೆ ಅಂತ ಹೇಳಿಕೊಟ್ಟಿದ್ದಾರಂತೆ. ಅಭ್ಯಾಸ ಕಡಿಮೆ ಏನಿಲ್ಲ, ನಮಗಿಂತ ಜಾಸ್ತಿಯೇ ಇದೆ. ಆದರೆ ಮಕ್ಕಳಿಗೆ ಬಾಯಿಬಿಟ್ಟು ಮಾತಾಡುವ ಕೆಲಸವೇ ಇಲ್ಲ. 8 + 4 = ☐ + 5 ಅಂತ ಬರೆದುಕೊಟ್ಟೆ. ಚೌಕದಲ್ಲಿ 12 ಬರೆದಳು. ಸಮ ಚಿಹ್ನೆ ಅಂದರೆ 'ಉತ್ತರ ಬರೆ' ಅಂತಲೇ ಅವಳ ಲೆಕ್ಕ. 1557ರಲ್ಲಿ ರಾಬರ್ಟ್ ರೆಕಾರ್ಡ್ ಅನ್ನೋ ಗಣಿತಜ್ಞ ಈ ಚಿಹ್ನೆ ತಂದಾಗ ಒಂದೇ ಉದ್ದದ ಎರಡು ಗೆರೆ ಎಳೆದದ್ದು, ಅದಕ್ಕಿಂತ ಸಮವಾದದ್ದು ಬೇರೆ ಇಲ್ಲ ಅಂತ. ಟೀಚರ್ ಹೇಳಿದ್ದ ಈ ಕತೆಯನ್ನು ಹೇಳಿದೆ. "ಎಡಗಡೆ ಎಷ್ಟಿದೆಯೋ ಬಲಗಡೆನೂ ಅಷ್ಟೇ ಇರಬೇಕಾ?" ಅಂತ ಕೇಳಿ, ಅಳಿಸಿ 7 ಬರೆದಳು.

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಟೀಚರ್ ಹೆಸರಿನಲ್ಲಿ ಶಾಲೆಗೆ ಏನಾದರೂ ಕೊಡೋಣ ಅಂತ ಮಾತು ನಡೆಯುತ್ತಿದೆ. ಪ್ರೊಜೆಕ್ಟರ್ ಅಂತ ಒಬ್ಬರು, ಫೋಟೋ ಅಂತ ಇನ್ನೊಬ್ಬರು. ನಾನು ಹೇಳಿದ್ದು, ಕ್ಲಾಸಿಗೊಂದು ಡಬ್ಬ ಕೊಡಿ ಸಾಕು ಅಂತ. ಚೀಟಿ ಬರೆಯುವ ಕೆಲಸ ನನಗಿರಲಿ, ನನ್ನ ಅಕ್ಷರ ಈಗಲೂ ದುಂಡಗಿದೆ. ಭಾಗಾಕಾರದ ಚೀಟಿ ಎರಡೆರಡು ಪ್ರತಿ ಇಡುತ್ತೇನೆ.